ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಮುನ್ನ ಸಿಗರೇಟಿಗೆ ವಿದಾಯ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದು ಆಸ್ಪತ್ರೆಗೆ ಹೋದವರನ್ನು ವೈದ್ಯರು ಹಲವಾರು ಪ್ರಶ್ನೆ ಕೇಳುತ್ತಾರೆ. ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ರಾತ್ರಿ ಗೊರಕೆ ಹೊಡೆಯುತ್ತೀರಾ, ಹೀಗೆ. ಇವಕ್ಕೆಲ್ಲ ಸಲೀಸಾಗಿ ಉತ್ತರ ಕೊಡುವವರು ಒಂದು ಪ್ರಶ್ನೆ ಬಂದಾಗ ಮಾತ್ರ ಪಕ್ಕದಲ್ಲಿ ಕುಳಿತ ಹೆಂಡತಿಯ ಮುಖ ನೋಡುತ್ತಾರೆ. 'ಬೀಡಿ, ಸಿಗರೇಟು ಸೇದುತ್ತೀರಾ?' 'ಅಪರೂಪಕ್ಕೆ, ದಿನಕ್ಕೆ ಎರಡೋ ಮೂರೋ' ಎಂಬ ಉತ್ತರ ಬಂದರೆ ಅನುಭವಿ ವೈದ್ಯರು ಅದನ್ನು ಮನಸ್ಸಿನಲ್ಲೇ ಎರಡರಿಂದ ಗುಣಿಸಿಕೊಳ್ಳುತ್ತಾರೆ! ನಂತರ ಹೇಳುತ್ತಾರೆ: 'ಮೊದಲು ಅದನ್ನು ಬಿಡಿ. ಬಿಟ್ಟು ಕನಿಷ್ಠ ಆರು ವಾರ ಆಗಲಿ. ಆಮೇಲೆ ಶಸ್ತ್ರಚಿಕಿತ್ಸೆಯ ದಿನ ಗೊತ್ತು ಮಾಡೋಣ.'

ಇದು ವಿನಾಕಾರಣ ವಿಳಂಬ ಎಂದು ರೋಗಿಗೆ ಅನಿಸುವುದು ಸಹಜ. ಹೊಟ್ಟೆಯ ಶಸ್ತ್ರಚಿಕಿತ್ಸೆಗೂ ಎದೆಯೊಳಗೆ ಹೋಗುವ ಹೊಗೆಗೂ ಏನು ಸಂಬಂಧ? ಅಲ್ಲದೆ, ಸಿಗರೇಟು ಬಿಟ್ಟವರು ದಪ್ಪಗಾಗುತ್ತಾರೆಂದು ಎಲ್ಲರೂ ಹೇಳುತ್ತಾರೆ. ತೂಕ ಇಳಿಸಿಕೊಳ್ಳಲು ಹೋದವನಿಗೆ ತೂಕ ಏರಿಸುವ ಸಲಹೆಯೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವುಗಳ ಉತ್ತರ ಮನಸ್ಸಿಗೆ ಒಪ್ಪಿಗೆಯಾದರೆ ಬಿಡುವುದೂ ಸ್ವಲ್ಪ ಸುಲಭವಾಗುತ್ತದೆ. 'ಡಾಕ್ಟರು ಬೈದರು' ಎಂಬ ಒಂದೇ ಕಾರಣಕ್ಕೆ ಬಿಟ್ಟವರು ಡಾಕ್ಟರು ಕಣ್ಮರೆಯಾದೊಡನೆ ಮತ್ತೆ ಹಚ್ಚುವುದೇ ಹೆಚ್ಚು.

ಯಾರಿಗೆ ಈ ಶಸ್ತ್ರಚಿಕಿತ್ಸೆ?

ಬೊಜ್ಜು ಈಗ ಶ್ರೀಮಂತರ ಕಾಯಿಲೆಯಾಗಿ ಉಳಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚು. ಇವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ತೂಕವನ್ನು ಕಿಲೋಗ್ರಾಂಗಳಲ್ಲಿ ಬರೆದು, ಎತ್ತರವನ್ನು ಮೀಟರಿನಲ್ಲಿ ಬರೆದು, ಎತ್ತರದ ವರ್ಗದಿಂದ ತೂಕವನ್ನು ಭಾಗಿಸಿದರೆ ದೇಹ ತೂಕ ಸೂಚ್ಯಂಕ ಸಿಗುತ್ತದೆ. 1.6 ಮೀಟರ್ ಎತ್ತರದ, 100 ಕಿಲೋ ತೂಕದ ವ್ಯಕ್ತಿಯ ಸೂಚ್ಯಂಕ 39. ಇದು 35ಕ್ಕಿಂತ ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬಹುದೆಂದು ಈ ಕ್ಷೇತ್ರದ ಅಮೆರಿಕದ ಹಾಗೂ ಅಂತಾರಾಷ್ಟ್ರೀಯ ಶಸ್ತ್ರಚಿಕಿತ್ಸಕರ ಸಂಘಗಳು 2022ರಲ್ಲಿ ಹೇಳಿವೆ. ನಮ್ಮಂಥ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಅಂಟಿಕೊಳ್ಳುವುದರಿಂದ ಈ ಮಿತಿಯನ್ನು 27.5ಕ್ಕೆ ಇಳಿಸಿದ್ದಾರೆ. ಪಥ್ಯ, ವ್ಯಾಯಾಮ, ಔಷಧಿಗಳಿಂದ ಪ್ರಯೋಜನ ಆಗಿಲ್ಲವೆಂದು ಖಚಿತವಾದ ಮೇಲೆ ತೆಗೆದುಕೊಳ್ಳುವ ತೀರ್ಮಾನ ಇದು.

ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು, ಕೆಲವೊಮ್ಮೆ ಅದಕ್ಕೂ ತುಸು ಹೆಚ್ಚನ್ನು, ಉದ್ದಕ್ಕೆ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಇನ್ನೊಂದು ಬೈಪಾಸ್. ಇದರಲ್ಲಿ ಅನ್ನನಾಳದ ಬುಡದಲ್ಲಿ ಎರಡು ದೊಡ್ಡ ಚಮಚ ನೀರು ಹಿಡಿಯುವಷ್ಟು, ಅಂದರೆ ಸುಮಾರು 30 ಮಿಲಿಲೀಟರಿನ, ಪುಟ್ಟ ಚೀಲವನ್ನಷ್ಟೇ ಉಳಿಸಿಕೊಂಡು ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಜಠರ ಹೊಟ್ಟೆಯೊಳಗೇ ಇರುತ್ತದೆ, ಆದರೆ ಊಟ ಆ ದಾರಿಯಲ್ಲಿ ಹೋಗುವುದಿಲ್ಲ. ಈ ಬೈಪಾಸ್‌ನ ಮೂಲಪುರುಷ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಡಾ. ಎಡ್ವರ್ಡ್ ಮೇಸನ್. ಹುಣ್ಣಿಗಾಗಿ ಜಠರದ ಭಾಗವನ್ನು ಕತ್ತರಿಸಿಕೊಂಡವರು ತೂಕ ಕಳೆದುಕೊಳ್ಳುವುದನ್ನು ಗಮನಿಸಿ 1966ರಲ್ಲಿ ಅವರು ಇದನ್ನು ಮೊದಲು ಮಾಡಿದರು. ಹುಣ್ಣಿನ ಚಿಕಿತ್ಸೆಯಿಂದ ಹುಟ್ಟಿದ ಈ ಶಸ್ತ್ರಚಿಕಿತ್ಸೆಯಲ್ಲಿ, ಧೂಮಪಾನಿಗಳಿಗೆ ಕಾದಿರುವ ಮುಖ್ಯ ಅಪಾಯವೂ ಹುಣ್ಣೇ. ಆ ವಿಷಯಕ್ಕೆ ಮುಂದೆ ಬರೋಣ.

ಹೊಲಿಗೆ ಕೂಡಬೇಕಾದರೆ ರಕ್ತ ಬೇಕು

ಎರಡೂ ಬಗೆಯಲ್ಲಿ ಜಠರವನ್ನು ಕತ್ತರಿಸಿ, ಸಾಲು ಸಾಲಾಗಿ ಅತಿ ಸಣ್ಣ ಲೋಹದ ಪಿನ್ನುಗಳನ್ನು ಹೊಡೆದು ಮುಚ್ಚುತ್ತಾರೆ. ಹೊರಗಿನ ಗಾಯ ಬೆರಳಗಲದ ನಾಲ್ಕೈದು ತೂತುಗಳಷ್ಟೇ. ಆದ್ದರಿಂದ ನೋಡಿದವರಿಗೆ 'ಇಷ್ಟೇನಾ?' ಎನಿಸುತ್ತದೆ. ನಿಜವಾದ ಗಾಯ ಒಳಗಿದೆ, ಅದು ಒಂದು ಗೇಣಿಗೂ ಉದ್ದವಿರಬಹುದು. ಪಿನ್ನುಗಳು ಅಂಚುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿರುತ್ತವೆ, ಅಷ್ಟೆ. ಆ ಅಂಚುಗಳು ಬೆಸೆದುಕೊಳ್ಳಬೇಕಾದರೆ ಅಲ್ಲಿಗೆ ರಕ್ತ ಹರಿಯಬೇಕು, ರಕ್ತದ ಜೊತೆ ಆಮ್ಲಜನಕ ತಲುಪಬೇಕು. ಬೆಸುಗೆ ಎಲ್ಲಾದರೂ ಬಿಟ್ಟುಕೊಂಡರೆ ಜಠರದ ಆಮ್ಲವೂ ಆಹಾರವೂ ಹೊಟ್ಟೆಯ ಪೊಳ್ಳಿನೊಳಗೆ ಸೋರುತ್ತದೆ. ಇದು ಹೆಚ್ಚು ಜನರಿಗೆ ಆಗುವ ತೊಂದರೆಯಲ್ಲ. ಆದರೆ ಆದವರ ಪಾಡು ಕಷ್ಟ: ಮತ್ತೆ ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆವಾಸ, ಕೆಲವೊಮ್ಮೆ ಪ್ರಾಣಾಪಾಯ.

ಹೊಗೆ ಈ ಬೆಸುಗೆಗೆ ಎರಡು ಕಡೆಯಿಂದ ಏಟು ಕೊಡುತ್ತದೆ. ಮೊದಲನೆಯದು ನಿಕೋಟಿನ್. ಅದು ಸಣ್ಣ ರಕ್ತನಾಳಗಳನ್ನು ಮುದುಡಿಸುತ್ತದೆ. ಒಂದು ಸಿಗರೇಟು ಸೇದಿದ ಮೇಲೆ ಅರ್ಧ ಮುಕ್ಕಾಲು ಗಂಟೆಯವರೆಗೂ ಚರ್ಮದಡಿಯ ಅಂಗಾಂಶದಲ್ಲಿ ಆಮ್ಲಜನಕ ಕಡಿಮೆಯಾಗಿರುತ್ತದೆ. ಗಂಟೆಗೊಂದು ಸೇದುವವನ ದೇಹ ಹೆಚ್ಚುಕಡಿಮೆ ಇಡೀ ದಿನ ಅದೇ ಸ್ಥಿತಿಯಲ್ಲಿರುತ್ತದೆ ಎಂದಾಯಿತು. ಎರಡನೆಯದು ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್. ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಈ ಅನಿಲದ ಮೇಲೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಮೋಹ. ಖಾಲಿ ಸೀಟುಗಳಲ್ಲಿ ಮೊದಲೇ ಟವೆಲ್ ಹಾಕಿ ಕುಳಿತವರಂತೆ ಅದು ಜಾಗ ಹಿಡಿದುಬಿಡುತ್ತದೆ. ಚೆನ್ನಾಗಿ ಸೇದುವವರ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಹೀಗೆ ವ್ಯರ್ಥವಾಗಿರುವುದುಂಟು. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ 'ರಕ್ತ ಚೆನ್ನಾಗಿದೆ' ಎಂದೇ ಬರುತ್ತದೆ, ಆದರೆ ಆ ರಕ್ತ ಪೂರ್ತಿ ಕೆಲಸ ಮಾಡುತ್ತಿರುವುದಿಲ್ಲ.

ಇನ್ನು ಶ್ವಾಸಕೋಶ. ಬೊಜ್ಜಿನ ದೇಹದಲ್ಲಿ ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶ ಮೊದಲೇ ಇಕ್ಕಟ್ಟಿನಲ್ಲಿರುತ್ತದೆ. ಹಲವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಇರುತ್ತದೆ. ಇದರ ಮೇಲೆ ಹೊಗೆಯ ಕಫ ಸೇರಿದರೆ ಅರಿವಳಿಕೆ ತಜ್ಞರಿಗೆ ತಲೆನೋವು, ರೋಗಿಗೆ ನ್ಯುಮೋನಿಯಾದ ಭಯ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು ಈ ಶಸ್ತ್ರಚಿಕಿತ್ಸೆಯ ನಂತರದ ಸಾವುಗಳಿಗೆ ಒಂದು ಪ್ರಮುಖ ಕಾರಣ. ಬೊಜ್ಜೂ ಧೂಮಪಾನವೂ ಎರಡೂ ಈ ಹೆಪ್ಪಿಗೆ ಸಹಾಯಕ. ಗರ್ಭನಿರೋಧಕ ಗುಳಿಗೆ ನುಂಗುವ ಮಹಿಳೆಯರಾದರೆ ಅದನ್ನೂ ವೈದ್ಯರಿಗೆ ಹೇಳಬೇಕು, ಏಕೆಂದರೆ ಅದು ಮೂರನೆಯ ಕಾರಣ.

ಬಿಟ್ಟರೆ ನಿಜವಾಗಿ ಲಾಭವಿದೆಯೇ? ಡೆನ್ಮಾರ್ಕಿನಲ್ಲಿ ಸೊಂಟ ಮತ್ತು ಮಂಡಿಯ ಕೀಲು ಬದಲಿಸಿಕೊಳ್ಳಲಿದ್ದ 120 ಧೂಮಪಾನಿಗಳ ಮೇಲೆ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ಶಸ್ತ್ರಚಿಕಿತ್ಸೆಗೆ ಆರರಿಂದ ಎಂಟು ವಾರ ಮೊದಲೇ ಸಿಗರೇಟು ಬಿಡಲು, ಇಲ್ಲವೇ ತೀರಾ ಕಡಿಮೆ ಮಾಡಲು ನೆರವು ಕೊಟ್ಟರು. ಉಳಿದವರನ್ನು ಅವರ ಪಾಡಿಗೆ ಬಿಟ್ಟರು. ಪಾಡಿಗೆ ಬಿಟ್ಟವರಲ್ಲಿ ನೂರಕ್ಕೆ 52 ಮಂದಿಗೆ ಒಂದಲ್ಲ ಒಂದು ತೊಡಕು ಕಾಣಿಸಿಕೊಂಡಿತು. ನೆರವು ಪಡೆದವರಲ್ಲಿ ನೂರಕ್ಕೆ 18 ಮಂದಿಗೆ ಮಾತ್ರ. ಅದು ಮೂಳೆಯ ಶಸ್ತ್ರಚಿಕಿತ್ಸೆ ನಿಜ, ಆದರೆ ಗಾಯ ಮಾಯುವ ನಿಯಮ ಮಂಡಿಗೂ ಜಠರಕ್ಕೂ ಒಂದೇ.

'ಇನ್ನು ಬಿಟ್ಟು ಏನು ಪ್ರಯೋಜನ?'

ಎಷ್ಟು ದಿನ ಮೊದಲು ಬಿಡಬೇಕು? ಬೊಜ್ಜಿನ ಶಸ್ತ್ರಚಿಕಿತ್ಸೆಗೆಂದೇ ಅಮೆರಿಕದ ತಜ್ಞ ಸಂಘಗಳು 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಸಾಧ್ಯವಾದರೆ ಒಂದು ವರ್ಷ ಮೊದಲು, ಏನೇ ಆದರೂ ಆರು ವಾರಕ್ಕೆ ಕಡಿಮೆಯಿಲ್ಲದಂತೆ ಬಿಟ್ಟಿರಬೇಕು ಎಂದಿದೆ. ಯಾವುದೇ ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲು ಬಿಟ್ಟವರಿಗೂ ತೊಡಕು ಕಡಿಮೆ, ಆಮೇಲಿನ ಹೊಗೆಯಿಲ್ಲದ ಪ್ರತಿಯೊಂದು ವಾರವೂ ಫಲಿತಾಂಶವನ್ನು ನೂರಕ್ಕೆ 19ರಷ್ಟು ಉತ್ತಮಪಡಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿಯಲ್ಲಿ ತಿಳಿಸಿತು.

'ಶಸ್ತ್ರಚಿಕಿತ್ಸೆ ಹತ್ತಿರ ಬಂದಾಗ ಬಿಡಬಾರದು, ಬಿಟ್ಟರೆ ಕಫ ಹೆಚ್ಚಾಗುತ್ತದೆ' ಎಂಬ ಮಾತೂ ಚಾಲ್ತಿಯಲ್ಲಿದೆ. ಇದು ಸೇದುವವರಿಗೆ ಬಹಳ ಪ್ರಿಯವಾದ ಮಾತು! ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು, ಕಫ ತುಸು ಹೆಚ್ಚಾಗುವುದುಂಟು. ಹೊಗೆಯಿಂದ ಮಂಕಾಗಿದ್ದ ಶ್ವಾಸನಾಳದ ರೋಮಗಳು ಮತ್ತೆ ಚುರುಕಾಗಿ ಕಸ ಗುಡಿಸಲು ಆರಂಭಿಸಿದ ಗುರುತು ಅದು. ತಡವಾಗಿ ಬಿಟ್ಟವರಿಗೆ ತೊಡಕು ಹೆಚ್ಚೇ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪರಿಶೀಲಿಸಿದಾಗ ಹಾಗೇನೂ ಕಂಡುಬರಲಿಲ್ಲ. ಒಂದು ದಿನ ಸೇದದಿದ್ದರೂ ರಕ್ತದಲ್ಲಿನ ಮಾನಾಕ್ಸೈಡ್ ಬಹುಪಾಲು ಹೊರಟುಹೋಗುತ್ತದೆ. ಆದರೆ ಇದನ್ನೇ ನೆಪ ಮಾಡಿಕೊಂಡು ಹಿಂದಿನ ರಾತ್ರಿಯವರೆಗೆ ಸೇದುವುದು ಸರಿಯಲ್ಲ. ಗಾಯ ಮಾಯುವ ಶಕ್ತಿ ಮರಳಿ ಬರಲು ವಾರಗಳೇ ಬೇಕು. ಅಪೆಂಡಿಕ್ಸ್ ಒಡೆದವರಿಗೆ ಕಾಯಲು ಸಮಯವಿರುವುದಿಲ್ಲ. ಬೊಜ್ಜಿನ ಶಸ್ತ್ರಚಿಕಿತ್ಸೆ ಹಾಗಲ್ಲ, ಅದಕ್ಕೆ ದಿನ ನಾವೇ ಗೊತ್ತು ಮಾಡುವುದು. ಎರಡು ತಿಂಗಳು ಮುಂದೆ ಹಾಕಿದರೆ ಅದು ಶಿಕ್ಷೆಯಲ್ಲ.

ತೂಕ ಏರುವ ಭಯ

ಈಗ ಎರಡನೆಯ ಪ್ರಶ್ನೆ. ಸಿಗರೇಟು ಬಿಟ್ಟರೆ ತೂಕ ಏರುತ್ತದೆ ಎಂಬುದು ಸುಳ್ಳಲ್ಲ. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ದೇಹ ಸುಮ್ಮನಿದ್ದಾಗಲೂ ಸ್ವಲ್ಪ ಹೆಚ್ಚು ಶಕ್ತಿ ಉರಿಯುವಂತೆ ಮಾಡುತ್ತದೆ. ಅದು ನಿಂತಾಗ ಹಸಿವು ಮರಳುತ್ತದೆ, ನಾಲಿಗೆಗೆ ರುಚಿಯೂ ಮರಳುತ್ತದೆ. ಯಾವ ಔಷಧಿಯ ನೆರವೂ ಇಲ್ಲದೆ ಬಿಟ್ಟವರ ತೂಕ ಒಂದು ವರ್ಷದಲ್ಲಿ ಸರಾಸರಿ ನಾಲ್ಕರಿಂದ ಐದು ಕಿಲೋ ಏರುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿ. ಇದು ಸರಾಸರಿ ಮಾತ್ರ. ಏರದವರೂ ಇದ್ದಾರೆ, ಇಳಿದವರೂ ಇದ್ದಾರೆ, ಹತ್ತು ಕಿಲೋ ಏರಿಸಿಕೊಂಡವರೂ ಇದ್ದಾರೆ.

ಶಸ್ತ್ರಚಿಕಿತ್ಸೆಗೆ ಸಿದ್ಧವಾಗುತ್ತಿರುವವರು ಈ ಲೆಕ್ಕವನ್ನು ಬೇರೆ ರೀತಿ ನೋಡಬೇಕು. ಇಳಿಸಬೇಕಾದ ತೂಕ ಮೂವತ್ತೋ ನಲವತ್ತೋ ಕಿಲೋ. ಅದರ ಮುಂದೆ ಮೂರು ನಾಲ್ಕು ಕಿಲೋ ಏರಿದರೆ ಅದನ್ನು ಶಸ್ತ್ರಚಿಕಿತ್ಸೆಯೇ ನೋಡಿಕೊಳ್ಳುತ್ತದೆ. ಸೋರಿದ ಹೊಲಿಗೆಯನ್ನು ಯಾವ ಪಥ್ಯವೂ ನೋಡಿಕೊಳ್ಳುವುದಿಲ್ಲ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ಧೂಮಪಾನಿಗಳು ತೆಳ್ಳಗಿರುತ್ತಾರೆ ಎಂಬ ನಂಬಿಕೆ ವಿಪರೀತ ಸೇದುವವರಿಗೆ ಅನ್ವಯಿಸುವುದಿಲ್ಲ. ಅವರಲ್ಲಿ ಕೊಬ್ಬು ಸೊಂಟದ ಸುತ್ತಲೇ ಹೆಚ್ಚು ಶೇಖರವಾಗುತ್ತದೆ, ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡಿಯಾಗುತ್ತದೆ. ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಕೆಟ್ಟದ್ದು ಈ ಹೊಟ್ಟೆಯ ಕೊಬ್ಬೇ.

ಆದರೂ ಕೆಲವು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ಒಂದಿಷ್ಟು ತೂಕ ಇಳಿಸಿಕೊಂಡು ಬನ್ನಿ ಎನ್ನುತ್ತಾರೆ. ಹಾಗಾದರೆ ರೋಗಿಗೆ ಇಕ್ಕಟ್ಟು: ಸಿಗರೇಟನ್ನೂ ಬಿಡಬೇಕು, ತೂಕವನ್ನೂ ಏರಿಸಬಾರದು. ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗದೆ ವೈದ್ಯರ ಮುಂದೆ ಬಿಚ್ಚಿ ಹೇಳಿ. ಸಿಗರೇಟು ಬಿಟ್ಟ ಕಾರಣಕ್ಕೆ ಏರಿದ ಎರಡು ಕಿಲೋಗೆ ಯಾವ ತಿಳಿದ ವೈದ್ಯರೂ ಮುನಿಸಿಕೊಳ್ಳುವುದಿಲ್ಲ.

ಮೊದಲು ಸಿಗರೇಟು, ಆಮೇಲೆ ಪಥ್ಯ

ಶಸ್ತ್ರಚಿಕಿತ್ಸೆಗೆ ಸುಮಾರು ಎರಡು ವಾರ ಮೊದಲಿನಿಂದ ದಿನಕ್ಕೆ 800ರಿಂದ 1000 ಕ್ಯಾಲೊರಿಯ, ಪ್ರೋಟೀನ್ ಹೆಚ್ಚಿರುವ ಕಟ್ಟುನಿಟ್ಟಿನ ಆಹಾರ ಕೊಡುವುದು ವಾಡಿಕೆ. ಯಕೃತ್ತಿನಲ್ಲಿ ತುಂಬಿದ ಕೊಬ್ಬು ಕರಗಿ ಅದು ಚಿಕ್ಕದಾದರೆ ಅದರ ಅಡಿಯಲ್ಲಿರುವ ಜಠರ ಶಸ್ತ್ರವೈದ್ಯರ ಕೈಗೆ ಸುಲಭವಾಗಿ ಸಿಗುತ್ತದೆ. ಈ ಪಥ್ಯವನ್ನೂ ಸಿಗರೇಟು ಬಿಡುವುದನ್ನೂ ಒಂದೇ ದಿನ ಆರಂಭಿಸುವುದು ಹಲವರು ಮಾಡುವ ಸಾಹಸ. ಹಸಿವು ಒಂದು ಕಡೆ, ಸಿಗರೇಟಿನ ಚಡಪಡಿಕೆ ಇನ್ನೊಂದು ಕಡೆ. ಮೂರನೆಯ ದಿನ ಎರಡೂ ಮುರಿದುಬೀಳುತ್ತವೆ. ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಿ. ಶಸ್ತ್ರಚಿಕಿತ್ಸೆಗೆ ಎರಡು ತಿಂಗಳು ಇರುವಾಗ ಸಿಗರೇಟು ಬಿಟ್ಟರೆ, ಪಥ್ಯ ಶುರುವಾಗುವ ಹೊತ್ತಿಗೆ ಚಡಪಡಿಕೆಯ ಕಾಲ ಮುಗಿದಿರುತ್ತದೆ.

ಆ ಚಡಪಡಿಕೆ ಎಂಥದು ಎಂದು ಮೊದಲೇ ತಿಳಿದಿದ್ದರೆ ಒಳ್ಳೆಯದು. ಸಿಡುಕು, ನಿದ್ದೆಗೇಡು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಏನಾದರೂ ತಿನ್ನುತ್ತಲೇ ಇರಬೇಕೆನಿಸುವುದು, ಇವು ಎರಡು ಮೂರನೆಯ ದಿನ ಅತಿ ಹೆಚ್ಚಾಗಿದ್ದು ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತವೆ. 'ಬೆಳಿಗ್ಗೆ ಒಂದು ಸೇದದಿದ್ದರೆ ಹೊಟ್ಟೆ ಸಾಫ್ ಆಗುವುದಿಲ್ಲ' ಎನ್ನುವವರು ನಮ್ಮಲ್ಲಿ ಬಹಳ. ಅವರು ಹೇಳುವುದು ಸುಳ್ಳಲ್ಲ. ನಿಕೋಟಿನ್‌ಗೆ ಒಗ್ಗಿದ ಕರುಳು ಅದು ಸಿಗದಿದ್ದಾಗ ಸೋಮಾರಿಯಾಗುತ್ತದೆ. ಬೆಚ್ಚಗಿನ ನೀರು, ಸೊಪ್ಪು ತರಕಾರಿ, ಬೆಳಗಿನ ನಡಿಗೆ ಇದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ಬೇಕಾದರೆ ವೈದ್ಯರನ್ನು ಕೇಳಿ ಇಸಬ್‌ಗೋಲ್ ತೆಗೆದುಕೊಳ್ಳಬಹುದು.

ಕಾಫಿ ಪ್ರಿಯರಿಗೆ ಒಂದು ಸೂಚನೆ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಕಾಫಿಯ ಕೆಫೀನನ್ನು ಯಕೃತ್ತು ಬೇಗ ಬೇಗ ಕರಗಿಸುವಂತೆ ಮಾಡುತ್ತವೆ. ಸಿಗರೇಟು ನಿಂತರೆ ಅದೇ ಎರಡು ಲೋಟ ಕಾಫಿಯ ಕೆಫೀನ್ ರಕ್ತದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈನಡುಕ, ನಿದ್ದೆ ಬಾರದಿರುವುದು ಇವನ್ನೆಲ್ಲ ಜನ ಸಿಗರೇಟು ಬಿಟ್ಟ ತಪ್ಪಿಗೆ ಹಚ್ಚುತ್ತಾರೆ. ನಿಜವಾದ ತಪ್ಪು ಕಾಫಿಯದು. ಬಿಡುವ ದಿನದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸಿ. ಇದರಲ್ಲಿ ಮತ್ತೊಂದು ಅನುಕೂಲವೂ ಇದೆ, ಏಕೆಂದರೆ ಹೆಚ್ಚಿನವರಿಗೆ ಕಾಫಿ ಲೋಟ ಕೈಗೆ ಬಂದೊಡನೆ ಇನ್ನೊಂದು ಕೈ ಜೇಬಿಗೆ ಹೋಗುತ್ತದೆ! ಸಕ್ಕರೆ ಕಾಯಿಲೆ, ಉಬ್ಬಸ, ಮಾನಸಿಕ ಕಾಯಿಲೆಗಳಿಗೆ ಔಷಧಿ ತೆಗೆದುಕೊಳ್ಳುವವರು ಸಿಗರೇಟು ಬಿಡುವ ವಿಷಯವನ್ನು ಆ ವೈದ್ಯರಿಗೂ ತಿಳಿಸಬೇಕು. ಕೆಲವು ಔಷಧಿಗಳ ಪ್ರಮಾಣ ಬದಲಿಸಬೇಕಾಗಬಹುದು.

ಸೇದಬೇಕೆಂಬ ತುಡಿತ ಒಮ್ಮೆ ಬಂದರೆ ಸಾಮಾನ್ಯವಾಗಿ ಐದು ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತನ್ನು ದಾಟಿಸುವುದೇ ಜಾಣತನ. ಒಂದು ಲೋಟ ನೀರು, ಉಪ್ಪು ಹಾಕಿದ ನೀರು ಮಜ್ಜಿಗೆ, ಸೌತೆಕಾಯಿಯ ಹೋಳು, ಬಾಯಲ್ಲೊಂದು ಲವಂಗ ಅಥವಾ ಏಲಕ್ಕಿ, ಇಷ್ಟು ಸಾಕು. ಕಡಲೆಬೀಜ, ಚಕ್ಕುಲಿ, ಪೆಪ್ಪರಮೆಂಟು ಬೇಡ; ತೂಕ ಏರುವುದು ಈ ಬಾಗಿಲಿನಿಂದಲೇ. ವೈದ್ಯರು ಮೂರು ಚೆಂಡುಗಳ ಉಸಿರಾಟದ ಉಪಕರಣ ಕೊಟ್ಟಿದ್ದರೆ ತುಡಿತ ಬಂದಾಗಲೆಲ್ಲ ಅದನ್ನು ಕೈಗೆತ್ತಿಕೊಂಡು ನಾಲ್ಕು ಬಾರಿ ಉಸಿರೆಳೆಯಿರಿ. ಹೊತ್ತೂ ಕಳೆಯುತ್ತದೆ, ಶಸ್ತ್ರಚಿಕಿತ್ಸೆಗೆ ಬೇಕಾದ ಅಭ್ಯಾಸವೂ ಆಗುತ್ತದೆ.

ಔಷಧಿಗಳ ನೆರವು

ಮನೋಬಲವೊಂದರಿಂದಲೇ ಬಿಡುವವರು ಇದ್ದಾರೆ, ಆದರೆ ಕಡಿಮೆ. ಏಳುತ್ತಿದ್ದಂತೆಯೇ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೆನ್ನುವವರ ಚಟ ಆಳವಾದದ್ದು, ಅವರು ಔಷಧಿಗೆ ನಾಚಿಕೆಪಡಬೇಕಾಗಿಲ್ಲ. ನಿಕೋಟಿನ್ ಗಮ್ ಹೆಚ್ಚಿನ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿಯಬಾರದು. ನಾಲಿಗೆಗೆ ಮೆಣಸಿನಂಥ ಖಾರ ತಟ್ಟುವವರೆಗೆ ನಿಧಾನವಾಗಿ ಅಗಿದು, ಕೆನ್ನೆಯ ಒಳಗೆ ಒತ್ತಿ ಇಟ್ಟುಕೊಳ್ಳಬೇಕು. ಖಾರ ಹೋದ ಮೇಲೆ ಮತ್ತೆ ನಾಲ್ಕು ಸಲ ಅಗಿಯಬೇಕು, ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲು ಕಾಫಿ, ಹಣ್ಣಿನ ರಸ ಕುಡಿಯಬಾರದು. ವಾರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ. ಇವನ್ನು ವೈದ್ಯರೇ ಬರೆದುಕೊಡಬೇಕು. ಮೂರ್ಛೆರೋಗ ಇದ್ದವರಿಗೆ ಬುಪ್ರೊಪಿಯಾನ್ ಆಗದು.

ಇಲ್ಲಿ ಒಂದು ತೊಡಕಿದೆ. ಗಮ್‌ನಲ್ಲಿರುವುದೂ ನಿಕೋಟಿನ್ನೇ. ಹೊಗೆಯಷ್ಟು ಕೆಡುಕು ಅದರಲ್ಲಿಲ್ಲ, ಮಾನಾಕ್ಸೈಡ್ ಅಂತೂ ಇಲ್ಲವೇ ಇಲ್ಲ. ಸೇದುವುದಕ್ಕಿಂತ ಅದು ಎಷ್ಟೋ ಮೇಲು. ಆದರೂ ಕೆಲವು ಶಸ್ತ್ರವೈದ್ಯರು ಕೊನೆಯ ವಾರಗಳಲ್ಲಿ ಅದನ್ನೂ ನಿಲ್ಲಿಸಲು ಹೇಳುತ್ತಾರೆ. ನಿಮ್ಮ ವೈದ್ಯರ ನಿಲುವು ಏನೆಂದು ಮೊದಲ ದಿನವೇ ಕೇಳಿಕೊಳ್ಳಿ. ಎಷ್ಟೋ ಕಡೆ ಶಸ್ತ್ರಚಿಕಿತ್ಸೆಗೆ ಮೊದಲು ಮೂತ್ರ ಅಥವಾ ರಕ್ತದಲ್ಲಿ ಕೊಟಿನೀನ್ ಪರೀಕ್ಷೆ ಮಾಡಿಸುತ್ತಾರೆ. ನಿಕೋಟಿನ್ ದೇಹದಲ್ಲಿ ಒಡೆದು ಉಂಟಾಗುವ ವಸ್ತು ಅದು. ನಿಕೋಟಿನ್ ಗಂಟೆಗಳಲ್ಲಿ ಮಾಯವಾದರೆ ಕೊಟಿನೀನ್ ಕೆಲವು ದಿನ ಉಳಿಯುತ್ತದೆ. ಗಮ್ ಅಗಿದವರಲ್ಲೂ ಅದು ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಅಗಿಯುತ್ತಿರುವುದನ್ನು ಹೇಳದೆ ಹೋದರೆ ಬಿಟ್ಟವನೂ ಸುಳ್ಳುಗಾರನಂತೆ ಕಾಣುತ್ತಾನೆ. ಇನ್ನು ಪರೀಕ್ಷೆಯ ಹಿಂದಿನ ನಾಲ್ಕು ದಿನ ಮಾತ್ರ ಸೇದದೆ ಪರೀಕ್ಷೆಯನ್ನು ಗೆದ್ದವರ ಬಗ್ಗೆ ಏನು ಹೇಳುವುದು? ಹೊಲಿಗೆಗೆ ಆ ಕಾಗದ ಓದಲು ಬರುವುದಿಲ್ಲ.

ಬೀಡಿ ಸಣ್ಣದು, ಆದ್ದರಿಂದ ಅಪಾಯವೂ ಸಣ್ಣದು ಎಂದುಕೊಳ್ಳಬೇಡಿ. ಅದು ಆರಿಹೋಗದಂತೆ ಪದೇ ಪದೇ ಜೋರಾಗಿ ಎಳೆಯಬೇಕಾಗುವುದರಿಂದ ನಿಕೋಟಿನ್, ಮಾನಾಕ್ಸೈಡ್ ಎರಡೂ ಸಿಗರೇಟಿಗೆ ಕಡಿಮೆಯಿಲ್ಲದಂತೆ ಒಳಗೆ ಹೋಗುತ್ತವೆ. ಸಿಗರೇಟು ಬಿಟ್ಟು ಗುಟ್ಕಾ, ಕಡ್ಡಿಪುಡಿ ಅಥವಾ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಿಡಿದರೆ ನಿಕೋಟಿನ್ ಬಿಟ್ಟಂತಾಗಲಿಲ್ಲ, ಬಾಯಿಯ ಕ್ಯಾನ್ಸರಿನ ಭಯವೂ ಸೇರಿಕೊಂಡಿತು. 'ತಂಬಾಕು ಉಪಯೋಗಿಸುತ್ತೀರಾ' ಎಂದು ಕೇಳಿದಾಗ ಹೊಗೆಸೊಪ್ಪು ಹಾಕುವ ಹೆಂಗಸರು 'ಇಲ್ಲ' ಎಂದುಬಿಡುವುದುಂಟು, ಅವರ ಮಟ್ಟಿಗೆ ಅದು ಎಲೆ ಅಡಿಕೆಯ ಒಂದು ಭಾಗವಷ್ಟೆ. ಅದನ್ನೂ ಹೇಳಬೇಕು. ವಿದ್ಯುತ್ ಸಿಗರೇಟನ್ನು ನಮ್ಮ ದೇಶದಲ್ಲಿ 2019ರಲ್ಲೇ ನಿಷೇಧಿಸಲಾಗಿದೆ. ಕದ್ದು ತರಿಸಿಕೊಂಡವರ ದೇಹದೊಳಗೂ ಹೋಗುವುದು ನಿಕೋಟಿನ್ನೇ.

ಮನೆಯವರಿಗೆ ಒಂದು ಮಾತು. ಜೇಬು ತಡಕುವುದು, ಬಾಯಿ ಮೂಸುವುದು, ಬಂಧುಗಳ ಮುಂದೆ 'ಇವರು ಬಿಟ್ಟಿದ್ದಾರಂತೆ, ನೋಡೋಣ' ಎಂದು ನಗುವುದು, ಇವು ಯಾರನ್ನೂ ಬಿಡಿಸಿಲ್ಲ. ಮೊದಲ ಎರಡು ವಾರದ ಸಿಡುಕು ನಿಮ್ಮ ಮೇಲಿನ ಕೋಪವಲ್ಲ ಎಂದು ತಿಳಿಯಿರಿ. ಮಗನೋ ತಮ್ಮನೋ ಅದೇ ಮನೆಯಲ್ಲಿ ಸೇದುವವರಾಗಿದ್ದರೆ ಈ ಎರಡು ತಿಂಗಳು ಅವರೂ ಬಿಟ್ಟರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ, ಕೊನೆಯ ಪಕ್ಷ ಮನೆಯೊಳಗೆ ಸೇದಬಾರದು. ಸರ್ಕಾರದ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಉಚಿತ ದೂರವಾಣಿ. ಸಿಗರೇಟು ಪ್ಯಾಕಿನ ಮೇಲೇ ಈ ಸಂಖ್ಯೆ ಅಚ್ಚಾಗಿರುತ್ತದೆ, ಸೇದುವವರು ಮಾತ್ರ ಅದನ್ನು ಓದಿರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೂಡ 2018ರಲ್ಲಿ ಈ ಸೇವೆಯ ಕೇಂದ್ರಗಳಲ್ಲಿ ಒಂದಾಯಿತು.

ಶಸ್ತ್ರಚಿಕಿತ್ಸೆ ಆದ ಮೇಲೆ

ಶಸ್ತ್ರಚಿಕಿತ್ಸೆ ಸಾಂಗವಾಗಿ ಮುಗಿದು, ಆರು ತಿಂಗಳಲ್ಲಿ ಇಪ್ಪತ್ತು ಕಿಲೋ ಇಳಿದು, ಹಳೆಯ ಪ್ಯಾಂಟುಗಳೆಲ್ಲ ಸಡಿಲವಾದಾಗ 'ಇನ್ನೇನು ಗಾಯ ಮಾಯಿತಲ್ಲ, ಒಂದು ಸೇದಿದರೆ ಏನಾದೀತು' ಎಂಬ ಆಲೋಚನೆ ಬರುತ್ತದೆ. ಕಷ್ಟಪಟ್ಟು ಬಿಟ್ಟವರಲ್ಲಿ ಹಲವರು ಮತ್ತೆ ಹಿಡಿಯುವುದು ಈ ಹೊತ್ತಿನಲ್ಲೇ. ಮೊದಲಿನಂತೆ ತಿಂದು ಸಮಾಧಾನ ಪಟ್ಟುಕೊಳ್ಳುವ ದಾರಿ ಮುಚ್ಚಿರುವುದರಿಂದ ಮನಸ್ಸು ಬೇರೆ ಆಸರೆ ಹುಡುಕುತ್ತದೆ. ಮದ್ಯವೂ ಅಂಥದೇ ಆಸರೆ. ಶಸ್ತ್ರಚಿಕಿತ್ಸೆಯ ನಂತರ ಅದು ಮೊದಲಿಗಿಂತ ಬೇಗ ರಕ್ತಕ್ಕೆ ಸೇರಿ ಬೇಗ ತಲೆಗೇರುತ್ತದೆ.

ಬೈಪಾಸ್ ಆದವರಿಗೆ ಹೊಗೆಯ ಅಪಾಯ ಎಂದಿಗೂ ತೀರುವುದಿಲ್ಲ. ಪುಟ್ಟ ಜಠರವೂ ಸಣ್ಣ ಕರುಳೂ ಕೂಡುವ ಜಾಗವನ್ನು ನೆನಪಿಸಿಕೊಳ್ಳಿ. ಆಮ್ಲವನ್ನು ತಡೆದುಕೊಳ್ಳುವ ಒಳಪದರ ಇರುವುದು ಜಠರಕ್ಕೆ, ಕರುಳಿನ ಆ ಭಾಗಕ್ಕೆ ಅಂಥ ರಕ್ಷಣೆಯಿಲ್ಲ. ಅಲ್ಲಿಗೆ ರಕ್ತ ಚೆನ್ನಾಗಿ ಹರಿಯುತ್ತಿರುವವರೆಗೆ ಹೇಗೋ ನಡೆಯುತ್ತದೆ. ಹೊಗೆಯಿಂದ ರಕ್ತ ಕಡಿಮೆಯಾದರೆ ಆ ಕೂಡುಜಾಗದಲ್ಲಿ ಹುಣ್ಣಾಗುತ್ತದೆ. ವರ್ಷಗಳ ನಂತರವೂ ಆಗಬಹುದು. ಹುಣ್ಣು ಆಳವಾದರೆ ರಕ್ತ ಸುರಿಯಬಹುದು, ತೂತೇ ಬೀಳಬಹುದು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೇನ್, ಡೈಕ್ಲೊಫೆನ್ಯಾಕ್ ಮಾತ್ರೆಗಳೂ ಇಂಥದೇ ಹುಣ್ಣು ತರುತ್ತವೆ. ಸಿಗರೇಟೂ ಈ ಮಾತ್ರೆಯೂ ಜೊತೆಯಾದರೆ ಕೇಳುವುದೇ ಬೇಡ. ಈ ಕಾರಣದಿಂದಲೇ, ಬಿಡಲು ಆಗುವುದೇ ಇಲ್ಲ ಎನ್ನುವ ರೋಗಿಗೆ ಬೈಪಾಸ್ ಮಾಡಲು ಬಹಳಷ್ಟು ಶಸ್ತ್ರವೈದ್ಯರು ಹಿಂಜರಿಯುತ್ತಾರೆ.

ಎದೆಗುಂಡಿಗೆಯ ಕೆಳಗೆ ಉರಿ ಅಥವಾ ನೋವು, ತಿಂದೊಡನೆ ಹೊಟ್ಟೆನೋವು, ಪದೇ ಪದೇ ವಾಂತಿ ಕಾಣಿಸಿಕೊಂಡರೆ 'ಗ್ಯಾಸ್' ಎಂದು ಸೋಡಾ ಕುಡಿದು ಮಲಗಬೇಡಿ, ವೈದ್ಯರಿಗೆ ತೋರಿಸಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಬಂದರೆ, ಅಥವಾ ಇದ್ದಕ್ಕಿದ್ದಂತೆ ಇರಿದಂಥ ಹೊಟ್ಟೆನೋವು ಬಂದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು, ಬೈಪಾಸ್ ಆಗಿರುವುದನ್ನು ಅಲ್ಲಿನ ವೈದ್ಯರಿಗೆ ಮೊದಲೇ ಹೇಳಬೇಕು. ಮತ್ತೆ ಸೇದಲು ಆರಂಭಿಸಿದ್ದರೆ ಅದನ್ನೂ ಮುಚ್ಚಿಡಬೇಡಿ. ಹುಣ್ಣಿಗೆ ಒಳ್ಳೆಯ ಔಷಧಿಗಳಿವೆ, ತಿಂಗಳುಗಟ್ಟಲೆ ನುಂಗಬೇಕಾಗುತ್ತದೆ. ಹೊಗೆ ನಿಲ್ಲದಿದ್ದರೆ ಆ ಔಷಧಿಯಿಂದಲೂ ಹುಣ್ಣು ಮಾಯುವುದು ಕಷ್ಟ, ಮಾಯಿದ್ದೂ ಮರುಕಳಿಸುತ್ತದೆ.